ಕಲ್ಲಿನ ಗಿಡಕ್ಕೆ ನಾನು ಹಚ್ಚಿದ ಎಲೆ

ಈಚೆಗೆ ಇಬ್ಬರು ತರುಣರು ಬೈಲಹೊಂಗಲದ ನಮ್ಮ ಮನೆಗೆ ಬಂದಿದ್ದರು. ನಾನು ಮೂವತ್ತು ವರ್ಷ ದುಡಿದ ಕಚೇರಿಗೆ ಹೊಸದಾಗಿ ಸೇರಿದವರು. ನೆಲದೊಳಗಿನ ಕಲ್ಲು, ಅದಿರು ಹುಡುಕುವ ಕಚೇರಿ ಅದು. ಹೆಸರು ಬರೆಯುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರಬೇಕು. ಸಾಹೇಬರು ಕಂಡ ಕಲ್ಲನ್ನು ಇದ್ದ ಹಾಗೆ ಕಾಗದದ ಮೇಲೆ ಚಿತ್ರ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ತರುಣರು ಚಹಾ ಕುಡಿದು ಬಸಿ ಕೆಳಗಿಟ್ಟವರೇ ಮೊದಲು ಕೇಳಿದ್ದು, ನನಗೆ ಯಾವ ಯಾವ ವರ್ಷ ಬಡ್ತಿ ಸಿಕ್ಕಿತು ಎಂದು. ನನಗೆ ಕೆಟ್ಟ ಸಿಟ್ಟು ಬಂತು. ಬಡ್ತಿ ಎಲ್ಲರಿಗೂ ಸಿಗುತ್ತದೆ, ಸಾಯದೆ ಉಳಿದರೆ ಸಾಕು. ಕೇಳುವುದಾದರೆ ನಾನು ಮಾಡಿದ ತಪ್ಪು ಕೇಳಿರಪ್ಪಾ ಎಂದೆ. ಅವರಿಗೆ ಟಾಂಗಾಕ್ಕೆ ಹೊತ್ತಾಗಿತ್ತಂತೆ, ಎದ್ದು ಹೋದರು. ಅವರು ಕೇಳದೆ ಹೋದದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಅವ್ವನ ಮಾತು ಹೇಳಬೇಕು. ಅವಳ ತವರು ಕಿತ್ತೂರು. ಕಸೂತಿಯಲ್ಲಿ ಅವಳ ಕೈಗೆ ಸರಿಗಟ್ಟುವವರು ನಮ್ಮ ಓಣಿಯಲ್ಲಿ ಇರಲಿಲ್ಲ. ನಾನು ಚಿತ್ರ ಕಲಿತದ್ದು ಸಾಲಿಯಲ್ಲಲ್ಲ, ಅವಳ ಮಗ್ಗುಲಲ್ಲಿ ಕೂತು. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ಸೂಜಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಸಂದು ಬಿಡುತ್ತದೆ. ತಿರುಗಿ ಬರುವಾಗ ಬಿಟ್ಟ ಸಂದನ್ನೆಲ್ಲ ತುಂಬಿಕೊಂಡು ಬರುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿ ಕಾಣುವಂತಿಲ್ಲ, ಸೀರೆಯ ಒಳಮೈ ಹೊರಮೈ ಎರಡೂ ಒಂದೇ. "ಸಂದು ಬಿಟ್ಟು ಎದ್ದರ ಕೈ ಕಡೀತೇನಿ ನೋಡು" ಎನ್ನುತ್ತಿದ್ದಳು ಅವ್ವ. ಅವಳು ಹೊಲಿದ ಗಿಡಕ್ಕೆ ಎಡಗಡೆ ಎಷ್ಟು ಟೊಂಗೆಯೋ ಬಲಗಡೆಯೂ ಅಷ್ಟೇ ಟೊಂಗೆ. ಇದು ನನ್ನ ಕೈಗೆ ಎಷ್ಟು ಹತ್ತಿತ್ತೆಂದರೆ, ಊಟದ ಎಲೆಯಲ್ಲಿ ಎಡಕ್ಕೆ ಚಟ್ನಿ ಬಿದ್ದರೆ ಬಲಕ್ಕೂ ಅಷ್ಟೇ ಹಾಕಿಸಿಕೊಳ್ಳುತ್ತಿದ್ದೆ.

ಪ್ಲೇಗು ಬಂದುಹೋದ ಮೇಲಿನ ವರ್ಷಗಳಲ್ಲಿ ನಾನು ಕೆಲಸಕ್ಕೆ ಸೇರಿದೆ. ಆಗ ಇಪ್ಪತ್ತಮೂರರ ವಯಸ್ಸು. ನಮ್ಮ ಸಾಹೇಬ ಇಂಗ್ಲೆಂಡಿನವನು, ಉದ್ದ ಕಾಲು, ಕೆಂಪು ಮೂಗು. ಒಳ್ಳೆಯವನೇ, ಆದರೆ ಕಲ್ಲು ನೆಕ್ಕುತ್ತಿದ್ದ. ಒದ್ದೆಯಾದರೆ ಕಲ್ಲಿನ ಬಣ್ಣ, ಗೆರೆ ಎದ್ದು ಕಾಣುತ್ತವೆ ಎಂದು ಆ ಕಸಬಿನವರೆಲ್ಲ ನೆಕ್ಕುತ್ತಾರೆ. ನಾವು ಮೊದಲು ಬಿಡಾರ ಹೂಡಿದ ಸುರೇಬಾನದ ಜನಕ್ಕೆ ಇದು ಗೊತ್ತಿರಲಿಲ್ಲ. ಒಬ್ಬ ಮುದುಕಿ ಮರುಗಿ ಎರಡು ರೊಟ್ಟಿ, ಒಂದು ಹಿಡಿ ಪುಂಡಿಪಲ್ಯ ತಂದು, "ಪಾಪ, ದೇಶ ಬಿಟ್ಟು ಬಂದಾನ, ಇದನ್ನರ ತಿನ್ನಾಕ ಹೇಳ್ರಿ" ಎಂದು ನನ್ನ ಕೈಗೆ ಕೊಟ್ಟಳು. ಸಾಹೇಬ ತಿಂದ. ಮರುದಿನ ಬೇಕೆಂದೇ ಅವಳ ಮನೆಯ ಮುಂದೆ ನಿಂತು ಕಲ್ಲು ನೆಕ್ಕಿದ.

ನಾನೂ ಮೊದಲ ತಿಂಗಳೇ ಒಂದು ಘನಂದಾರಿ ಕೆಲಸ ಮಾಡಿದೆ. ಕಲ್ಲು ಸ್ವಚ್ಛ ಮಾಡಿಡು ಎಂದು ಸಾಹೇಬ ಹೇಳಿದ್ದ. ನಾನು ಎಲ್ಲವನ್ನೂ ಬಾವಿಕಟ್ಟೆಗೆ ಒಯ್ದು ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದೆ. ಯಾವ ಕಲ್ಲು ಯಾವ ಗುಡ್ಡದ್ದು ಎಂದು ಅವುಗಳ ಮೇಲೆ ಬರೆದಿದ್ದ ಅಂಕಿಯೂ ತೊಳೆದು ಹೋಯಿತು. ಸಾಹೇಬ ಇಡೀ ದಿನ ಕೂತು ಒಂದೊಂದನ್ನೇ ನೆಕ್ಕಿ ನೆಕ್ಕಿ ಗುರುತು ಹಿಡಿದ. ಸಂಜೆಗೆ ಸೀಗೆಪುಡಿಯ ರುಚಿಗೆ ಊಟವನ್ನೇ ಬಿಟ್ಟ.

ಇವೆಲ್ಲ ಸಣ್ಣವು. ದೊಡ್ಡದು ಸಾಲಹಳ್ಳಿಯ ಹತ್ತಿರದ ಒಂದು ಗುಡ್ಡದಲ್ಲಿ ನಡೆಯಿತು.

ಬೇಸಿಗೆಯ ಕೊನೆ. ಸಾಹೇಬನಿಗೆ ಚಳಿಜ್ವರ ಬಂದು ರಾಮದುರ್ಗದ ಬಂಗಲೆಯಲ್ಲಿ ಮಲಗಿದ. ಸುತ್ತಲಿನ ಕಲ್ಲಿನ ಖಣಿ ನೋಡಿ, ವಿಶೇಷ ಏನಿದ್ದರೂ ಚಿತ್ರ ಬರೆದು ತಾ ಎಂದು ನನ್ನನ್ನು ಒಬ್ಬನನ್ನೇ ಕಳಿಸಿದ. ಸಾಲಹಳ್ಳಿ ಬದಿಯ ಖಣಿ ಗಂಗವ್ವ ಎಂಬ ಹೆಂಗಸಿನದು. ಗಂಡ ಪ್ಲೇಗಿನಲ್ಲಿ ಸತ್ತ ಮೇಲೆ ಅವನ ಸುತ್ತಿಗೆಯನ್ನು ತಾನೇ ಎತ್ತಿದವಳು. ನಾಲ್ಕು ಆಳು ಇಟ್ಟುಕೊಂಡು ಹಾಸುಗಲ್ಲು ಎಬ್ಬಿಸಿ ಮಾರುತ್ತಿದ್ದಳು. ನಲವತ್ತರ ವಯಸ್ಸು, ಗಂಡಸಿನ ಮುಂಗೈ. ಸುತ್ತಿಗೆ ಹಿಡಿದ ಮೊದಲ ವರ್ಷವೇ ಕಲ್ಲಿನ ಚೂರು ಸಿಡಿದು ಮುಂದಿನ ಒಂದು ಹಲ್ಲು ಹೋಗಿತ್ತು. ಬೈಯುವಾಗ ಬಾಯಿ ತುಂಬ ಬೈಯುತ್ತಿದ್ದಳು, ನಗುವಾಗ ಮಾತ್ರ ಸೆರಗು ಅಡ್ಡ ಹಿಡಿಯುತ್ತಿದ್ದಳು.

ಅವಳ ಖಣಿಯಲ್ಲಿ ಬಾಗಿಲಷ್ಟು ಅಗಲದ ಒಂದು ಹಾಸುಗಲ್ಲು ಆಗಷ್ಟೇ ಎದ್ದಿತ್ತು. ಅದರ ಮೈಮೇಲೆ ಕರಿ ಬಣ್ಣದ ಗಿಡ! ಬೊಡ್ಡೆ, ಬೊಡ್ಡೆಗೆ ಟೊಂಗೆ, ಟೊಂಗೆಗೆ ಕಿರುಟೊಂಗೆ, ಅದಕ್ಕೆ ಕೂದಲಿನಂಥ ಕುಡಿ. ನಾನು ಹಾ ಎಂದು ನಿಂತೆ.

"ಇಂಥಾವು ನಮ್ಮಲ್ಲಿ ಬೇಕಾದಷ್ಟು ಬರತಾವ್ರಿ ಮಾಸ್ತರ," ಎಂದಳು ಗಂಗವ್ವ. "ಕಲ್ಲಿನ ಬಿರಕಿನಾಗ ನೀರು ಇಳಿದು ಕರಿ ಕಲಿ ಬೀಳತೈತಿ, ಅಷ್ಟ. ಚಾ ಕುಡೀತೀರೇನು?"

ನಾನು ಕೇಳಿಸಿಕೊಳ್ಳಲಿಲ್ಲ. ಕಲ್ಲು ಒಡೆಯುವವಳಿಗೆ ಏನು ತಿಳಿದೀತು ಎಂಬ ಸೊಕ್ಕು. ಹಾಳೆ ಹರವಿ ಬರೆಯಲು ಕೂತೆ. ಪೆನ್ಸಿಲ್ ಹೋಗುವಾಗ ಎಲ್ಲ ಸರಿಯಾಗಿಯೇ ಬರೆದೆ. ಆದರೆ ಆ ಗಿಡದ ಟೊಂಗೆಗಳು ಅಲ್ಲಲ್ಲಿ ತುಂಡಾಗಿದ್ದವು, ನಡುವೆ ಸಂದು. ಎಡಗಡೆ ಐದು ಟೊಂಗೆ, ಬಲಗಡೆ ಮೂರೇ. ಬುಡದಲ್ಲಿ ಬೇರುಗಳೇ ಇಲ್ಲ. ನನ್ನ ಕೈ ತಡೆಯಲಿಲ್ಲ. ತಿರುಗಿ ಬರುವಾಗ ಸಂದೆಲ್ಲ ತುಂಬಿದೆ, ಬಲಗಡೆಗೆ ಎರಡು ಟೊಂಗೆ ಸೇರಿಸಿದೆ, ಕುಡಿಗೊಂದು ಜೋಡಿಯಂತೆ ಸಣ್ಣ ಸಣ್ಣ ಎಲೆ ಇಟ್ಟೆ, ಬುಡಕ್ಕೆ ಚೆಂದದ ಬೇರು ಬಿಟ್ಟೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಕೆಲಸ ಪೂರಾ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಆ ಚಿತ್ರ ನೋಡಿದ್ದೇ ತಡ, ಜ್ವರದಲ್ಲಿದ್ದ ಸಾಹೇಬ ಹಾಸಿಗೆಯಿಂದ ಎದ್ದು ಕೂತ. "ಕೋಯ್ಲಾ! ಮಾಸ್ಟರ್, ಕೋಯ್ಲಾ!" ಎಂದು ಕೂಗಿದ. ಕೆಲವು ಕಡೆ ಕೋಟ್ಯಂತರ ವರ್ಷದ ಹಿಂದಿನ ಗಿಡಗಳು ಕಲ್ಲಿನಲ್ಲಿ ಅಚ್ಚೊತ್ತಿ ಉಳಿದಿರುತ್ತವೆ. ಅಂಥ ಜರಿಗಿಡ ಇದ್ದಲ್ಲಿ ಕೆಳಗೆ ಕಲ್ಲಿದ್ದಲು ಇರುವ ಸಂಭವ ಉಂಟು. ನನ್ನ ಚಿತ್ರದಲ್ಲಿ ಎಲೆ, ಬೇರು ಸಮೇತ ಎಲ್ಲವೂ ಇತ್ತಲ್ಲ! ಮಲಗಿದಲ್ಲಿಂದಲೇ ಮೇಲಿನವರಿಗೆ ಕಾಗದ ಬರೆದ. ದೊಡ್ಡ ಸಾಹೇಬ ಮಳೆಗಾಲ ಮುಗಿದ ಮೇಲೆ ತಾನೇ ಬಂದು ನೋಡುತ್ತಾನೆ, ಅಲ್ಲಿಯವರೆಗೆ ಆ ಗುಡ್ಡದಲ್ಲಿ ಯಾರೂ ಉಳಿ ಹಚ್ಚಕೂಡದು, ಕಲ್ಲಿದ್ದಲು ಇದ್ದರೆ ಖಣಿ ಸರಕಾರದ್ದು ಎಂದು ಹುಕುಂ ಬಂತು.

ಆ ಹುಕುಮನ್ನು ಗಂಗವ್ವನಿಗೆ ಓದಿ ಹೇಳುವ ಪಾಳಿಯೂ ನನ್ನದೇ. ಅವಳು ಎರಡು ಸಲ ಓದಿಸಿ ಕೇಳಿದಳು. ಆಮೇಲೆ ನನ್ನ ಚಿತ್ರ ಕೇಳಿ ಇಸಿದುಕೊಂಡಳು, ಕಲ್ಲಿನ ಪಕ್ಕ ಹಿಡಿದಳು.

"ಈ ಎಲಿ ಎಲ್ಲಿ ಅದಾವ?"

"ಅದು... ಸಣ್ಣಗ ಅದಾವ ಅಕ್ಕಾ."

"ಸಣ್ಣಗ ಅದಾವ! ನಿನ್ನ ಕಣ್ಣಾಗ ಅದಾವ. ಏ ಮಾಸ್ತರ, ಈ ಗುಡ್ಡ ಬಿಟ್ಟರ ನನಗ ಇನ್ನೊಂದಿಲ್ಲ. ನಾಕೂ ಆಳು ಹೊಟ್ಟಿಪಾಡಿಗೆ ಬ್ಯಾರೆ ಕಡೆ ಹೊಕ್ಕಾರ. ನಿನ್ನ ಎಲಿ ಕಟ್ಟಿಕೊಂಡು ನಾ ಏನು ಪತ್ರೋಳಿ ಹಚ್ಚಲೇನು?"

ಮೊದಲ ಸಲ "ರಿ" ಬಿಟ್ಟು ಮಾತಾಡಿದ್ದಳು. ನಾನು ಸರಕಾರಿ ಮನುಷ್ಯನಂತೆ ಗಂಟಲು ಸರಿಮಾಡಿಕೊಂಡು ಚಕ್ಕಡಿ ಹತ್ತಿದೆ. ಮನಸ್ಸಿನಲ್ಲಿ ಪುಕುಪುಕು ಶುರುವಾಗಿತ್ತು. ಆದರೂ ಎಲೆ ಇಲ್ಲವೆಂದು ಒಪ್ಪಲಿಲ್ಲ.

ಮಳೆಗಾಲದಲ್ಲಿ ನಮಗೆ ಗುಡ್ಡದ ಕೆಲಸ ಇಲ್ಲ. ಸಾಹೇಬ ಎತ್ತರದ ತಂಪು ಊರಿಗೆ ಹೋದ. ಹೋಗುವಾಗ ಬೈಲಹೊಂಗಲದಲ್ಲಿದ್ದ ತನ್ನ ಸ್ನೇಹಿತರಾದ ಒಬ್ಬ ಹಿರಿಯ ಡಾಕ್ಟರರಿಗೆ ನನ್ನನ್ನು ಒಪ್ಪಿಸಿದ. ಅವರು ಮುಂಬಯಿಯಲ್ಲಿ ನೌಕರಿ ಮುಗಿಸಿ ಬಂದವರು. ಅವರಿಗಿದ್ದ ಹುಚ್ಚು ಒಂದೇ, ಆಡಿನ ಮೆದುಳು. ಅದನ್ನು ಔಷಧದಲ್ಲಿ ನೆನೆಹಾಕಿ, ಬೆಳ್ಳಿಯ ದ್ರಾವಣದಲ್ಲಿಟ್ಟು, ಹಪ್ಪಳಕ್ಕಿಂತ ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಿದ್ದರು. ನೆನೆಹಾಕಲು ಮನೆಯ ಉಪ್ಪಿನಕಾಯಿ ಭರಣಿಗಳೇ ಬೇಕು. ಅವರ ಹೆಂಡತಿ, ನಾನು ಕಾಕಿ ಎಂದು ಕರೆಯುತ್ತಿದ್ದವರು, ಮೊದಲ ದಿನವೇ ನನಗೆ ಹೇಳಿದರು, "ತಮ್ಮಾ, ಈ ಮನ್ಯಾಗ ಭರಣಿಗೆ ಕೈ ಹಾಕೂ ಮುಂದ ಮೂಸಿ ನೋಡಿ ಹಾಕು. ಹ್ವಾದ ವರ್ಷ ಬೀಗರಿಗೆ ಬಡಿಸಾಕ ಹೋಗಿ ನನ್ನ ಮಾನ ಹೋತು."

ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರು ಹೇಳಿದರೂ ಬಾಯಿ ತೊಳೆಯಬೇಕು. ಇಲ್ಲಿ ಆಡಿನ ಮೆದುಳು! ಒಂದು ಕಣ್ಣು ಮುಚ್ಚಿ, ಮೂಗೂ ಮುಚ್ಚಿ, ಕೊಳವೆಯಲ್ಲಿ ನೋಡಿದೆ. ನೋಡಿ ಮೂಗು ಬಿಟ್ಟೆ.

ಜೇನಿನ ಬಣ್ಣದ ಬಯಲು. ನಡುವೆ ಒಂದು ಕರಿ ಚುಕ್ಕೆ. ಚುಕ್ಕೆಯಿಂದ ಬೊಡ್ಡೆ, ಬೊಡ್ಡೆಯಿಂದ ಟೊಂಗೆ, ಟೊಂಗೆಯಿಂದ ಕುಡಿ. "ಅಯ್ಯ! ಸಾಲಹಳ್ಳಿ ಕಲ್ಲು!" ಎಂದು ಚೀರಿದೆ.

"ಕಲ್ಲಲ್ಲೋ, ನರಕೋಶ," ಎಂದರು ಡಾಕ್ಟರರು. "ನೀನು ಈಗ ಚೀರಿದ್ದು ಇಂಥಾ ಗಿಡಗೋಳಿಂದನ. ಬರಿ."

ಬರೆದೆ. ಮೂರು ದಿನ ಕೂತು ಐದು ಗಿಡ ಬರೆದೆ. ಒಂದರ ಟೊಂಗೆಯ ತುದಿ ಇನ್ನೊಂದರ ಹತ್ತಿರ ಬಂದು, ಮುಟ್ಟದೆ, ಕೂದಲೆಳೆಯಷ್ಟು ಸಂದು ಬಿಟ್ಟು ನಿಂತಿತ್ತು. ಎಷ್ಟು ಅಧ್ವಾನ! ನಮ್ಮ ಅವ್ವ ನೋಡಿದ್ದರೆ ಸುಮ್ಮನಿರುತ್ತಿದ್ದಳೇ? ತಿರುಗಿ ಬರುವಾಗ ಎಲ್ಲ ಸಂದು ತುಂಬಿ, ಐದೂ ಗಿಡ ಕೈಕೈ ಹಿಡಿದು ನಿಲ್ಲುವಂತೆ ಮಾಡಿ, ಹೆಮ್ಮೆಯಿಂದ ಅವರ ಮುಂದೆ ಇಟ್ಟೆ.

ಡಾಕ್ಟರರು ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮುಖ ಕೆಂಪಗಾಯಿತು.

"ಇವನ್ನ ಕೂಡಿಸಿದವರು ಯಾರು?"

"ನಾನ ರೀ. ಬಿಟ್ಟುಹೋಗಿದ್ವು."

"ಬಿಟ್ಟುಹೋಗಿದ್ವು! ಅಲ್ಲೋ ಪುಣ್ಯಾತ್ಮಾ, ಇವು ಒಂದಕ್ಕೊಂದು ಮುಟ್ಟತಾವೋ ಇಲ್ಲೋ ಅಂತ ಯುರೋಪಿನಾಗ ದೊಡ್ಡ ದೊಡ್ಡ ಪಂಡಿತರು ಮಾರಿ ನೋಡದಂಗ ಜಗಳಾಡಲಿಕ್ಕೆ ಹತ್ಯಾರ. ಮುಟ್ಟೂದಿಲ್ಲ ಅಂತ ತೋರಸಲಿಕ್ಕೆ ನಾನು ಮನ್ಯಾಗಿನ ಭರಣಿ ಎಲ್ಲಾ ಹಾಳು ಮಾಡೇನಿ. ನೀನು ಒಂದು ಪೆನ್ಸಿಲ್ ತೊಗೊಂಡು ಮೂರು ದಿನದಾಗ ಜಗಳ ಮುಗಿಸಿಬಿಟ್ಟಿ!"

ಒಳಗಿಂದ ಕಾಕಿಯವರ ನಗು ಕೇಳಿತು. ಡಾಕ್ಟರರು ಹಾಳೆ ಹರಿದು ಹಾಕಿದರು. ಮತ್ತೆ ಬರೆಸಿದರು. ಮತ್ತೆ ಹರಿದರು. ನನ್ನ ಕೈ ಸಂದಿನ ಹತ್ತಿರ ಬಂದ ಕೂಡಲೇ ತಾನಾಗಿ ಮುಂದೆ ಓಡುತ್ತಿತ್ತು. ಅವರು ರೂಲಕಟ್ಟಿಗೆಯಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಹನ್ನೊಂದನೆಯ ಸಲ ಸಂದು ಸಂದಾಗಿಯೇ ಉಳಿಯಿತು. ಎಡಗಡೆ ಏಳು ಟೊಂಗೆ, ಬಲಗಡೆ ನಾಲ್ಕು. ನೋಡಲು ಒಕ್ಕಣ್ಣಿನಂತಿತ್ತು. ಡಾಕ್ಟರರು ನನ್ನ ಬೆನ್ನು ಚಪ್ಪರಿಸಿದರು. ನನಗೆ ಅಳು ಬಂದಿತ್ತು.

"ಕಂಡದ್ದು ಬರಿ. ಕಾಣದ್ದನ್ನ ಬಿಡು. ಬಿಡೂದೂ ಬರವಣಿಗಿನ," ಎಂದರು. ಆಮೇಲೆ, ಸಾಹೇಬ ಬಹಳ ಹೊಗಳಿದ ಸಾಲಹಳ್ಳಿಯ ಚಿತ್ರದ ಪ್ರತಿ ನಿನ್ನ ಹತ್ತಿರ ಇದೆಯೇ ಎಂದು ಕೇಳಿದರು. ತೋರಿಸಿದೆ. ಬಹಳ ಹೊತ್ತು ನೋಡಿ, ಮೆತ್ತಗೆ ಕೇಳಿದರು.

"ಈ ಎಲಿ ಕಲ್ಲಿನಾಗಿದ್ದವೋ, ನಿನ್ನ ಕೈಯಾಗಿದ್ದವೋ?"

ನಾನು ಚಿತ್ರ ಸುತ್ತಿ ಚೀಲದಲ್ಲಿಟ್ಟೆ. ಆ ದಿನದಿಂದ ಊಟ ಸೇರಲಿಲ್ಲ. ಗಂಗವ್ವನ ಮುಂಗೈ, ಖಾಲಿ ಬಿದ್ದ ಖಣಿ ಕಣ್ಣಿಗೆ ಕಟ್ಟುತ್ತಿದ್ದವು. ಮಳೆ ನಿಲ್ಲುವುದನ್ನೇ ಕಾದೆ.

ಮಳೆ ನಿಂತ ಕೂಡಲೇ, ಸಾಹೇಬರು ಬರುವ ಹಿಂದಿನ ದಿನ, ಡಾಕ್ಟರರ ಭೂತಗನ್ನಡಿ ಕಡ ತಂದು ಸಾಲಹಳ್ಳಿಗೆ ಹೋದೆ. ಖಣಿಯಲ್ಲಿ ಹುಲ್ಲು ಎದ್ದಿತ್ತು. ಆಳುಗಳಲ್ಲಿ ಮೂವರು ಬಿಟ್ಟುಹೋಗಿದ್ದರು. ಗಂಗವ್ವ ಕೂತು ತುಕ್ಕು ಹಿಡಿದ ಉಳಿ ತಿಕ್ಕುತ್ತಿದ್ದಳು. ನಾನು ಕಲ್ಲಿನ ಮೇಲೆ ಬೋರಲು ಮಲಗಿ ಕನ್ನಡಿಯಲ್ಲಿ ಅಂಗುಲ ಅಂಗುಲ ನೋಡಿದೆ. ಒಂದೂ ಎಲೆ ಇಲ್ಲ.

"ಇಲ್ಲಿ ನೋಡು," ಎಂದು ಗಂಗವ್ವ ಹತ್ತಿರ ಬಂದಳು. ಕಲ್ಲಿನ ಅಂಚು ತೋರಿಸಿದಳು. "ಈ ದಂಡಿಯಿಂದ ಒಂದು ಗಿಡ ಒಳಗ ಬಂದೈತಿ. ಆ ದಂಡಿಯಿಂದ ಇನ್ನೊಂದು, ತಲಿ ಕೆಳಗ. ನೀರು ಯಾವ ಕಡೆಯಿಂದ ಹೊಕ್ಕೈತೋ ಆ ಕಡೆಯಿಂದ ಕಲಿ ಹಬ್ಬೈತಿ. ತಲಿ ಕೆಳಗ ಮಾಡಿ ಬೆಳಿಯೂ ಗಿಡ ಎಲ್ಲಿ ಕಂಡೀಯೋ?" ಉಳಿಯ ತುದಿಯಿಂದ ಮೆಲ್ಲಗೆ ಕೆರೆದಳು. ಕರಿ ಪುಡಿ ಎದ್ದು ಅವಳ ಹೆಬ್ಬೆರಳಿಗೆ ಅಂಟಿತು. ಗಿಡ ಅಲ್ಲವೇ ಅಲ್ಲ, ಚರ್ಮದಷ್ಟು ತೆಳ್ಳಗಿನ ಖನಿಜ. ಇದನ್ನು ಅವಳು ಮೊದಲ ದಿನವೇ ಹೇಳಿದ್ದಳು.

ಈಗ ನಾಚಿಕೆಯ ಮಾತು. ನನ್ನ ಚೀಲದಲ್ಲಿ ಕರಿ ಶಾಯಿ ಇತ್ತು, ಸಣ್ಣ ಕುಂಚ ಇತ್ತು. ನೌಕರಿ ಹೋಗುತ್ತದೆ ಎಂಬ ಅಂಜಿಕೆಯೂ ಇತ್ತು. ಕಲ್ಲಿನ ಮೇಲೇ ಎಲೆ ಬರೆದುಬಿಟ್ಟರೆ ಚಿತ್ರಕ್ಕೂ ಕಲ್ಲಿಗೂ ತಾಳೆಯಾಗುತ್ತದಲ್ಲ! ಗಂಗವ್ವ ನೀರಿಗೆಂದು ಆಚೆ ಹೋದಾಗ ನಾನು ಶಾಯಿಯ ಬಾಟ್ಲಿಯ ಬಿರಡೆ ತೆಗೆದೆ.

"ಹಚ್ಚು," ಎಂದು ಬೆನ್ನ ಹಿಂದಿನಿಂದ ದನಿ ಬಂತು. "ಹಚ್ಚು ಮಾಸ್ತರ, ನಾಚಬ್ಯಾಡ. ಎಲಿ ಹಚ್ಚು, ಹೂವು ಹಚ್ಚು, ಎರಡು ಗಿಳಿ ಕುಂದ್ರಿಸು. ಅಷ್ಟ ಯಾಕ, ಇಡೀ ಗುಡ್ಡಕ್ಕ ಕರಿ ಬಳದು ನೀನ ಕಲ್ಲಿದ್ದಲಿ ಮಾಡಿಬಿಡು!" ಇಷ್ಟು ಹೇಳಿ ಅವಳು ಅಲ್ಲೇ ಕೂತು ಅಳತೊಡಗಿದಳು. ಆ ಬಾಯಿಯವಳು ಅಳುತ್ತಾಳೆಂದು ನಾನು ಎಣಿಸಿಯೇ ಇರಲಿಲ್ಲ. ಬಿರಡೆ ಹಾಕಿದೆ. ಗಡಿಬಿಡಿಯಲ್ಲಿ ಅರ್ಧ ಶಾಯಿ ನನ್ನ ಧೋತರದ ಮೇಲೆ ಚೆಲ್ಲಿತ್ತು.

ಮರುದಿನ ಅದೇ ಧೋತರದಲ್ಲಿ ಇಬ್ಬರು ಸಾಹೇಬರ ಮುಂದೆ ನಿಂತೆ. ದೊಡ್ಡ ಸಾಹೇಬ ಡೊಳ್ಳು ಹೊಟ್ಟೆಯವನು. ಅವನೂ ಬಗ್ಗಿ ಕಲ್ಲು ನೆಕ್ಕಿದ. ನನ್ನ ಚಿತ್ರ ನೋಡಿದ, ಕಲ್ಲು ನೋಡಿದ, ಎಲೆ ಎಲ್ಲಿ ಎಂದು ಕೇಳಿದ. ನಮ್ಮ ಸಾಹೇಬ ಕಕ್ಕಾಬಿಕ್ಕಿಯಾಗಿ, ಮಳೆಗೆ ತೊಳೆದುಹೋಗಿರಬಹುದು ಎಂದ. ಎಂಥ ಪುಣ್ಯಾತ್ಮ ನೋಡಿ, ನನಗೆ ತಪ್ಪಿಸಿಕೊಳ್ಳಲು ದಾರಿಯನ್ನೇ ಮಾಡಿಕೊಟ್ಟಿದ್ದ. ಹೌದು ಎಂದು ತಲೆ ಆಡಿಸಿದ್ದರೆ ಸಾಕಿತ್ತು. ಗಂಗವ್ವ ಹತ್ತು ಮಾರು ದೂರ ನಿಂತು ನನ್ನ ಬಾಯನ್ನೇ ನೋಡುತ್ತಿದ್ದಳು.

"ಎಲೆ ಯಾವತ್ತೂ ಇರಲಿಲ್ಲ ಸಾಹೇಬರೇ. ನಾನು ಹಚ್ಚಿದೆ. ಬೇರೂ ನನ್ನವೇ. ಬಲಗಡೆಯ ಎರಡು ಟೊಂಗೆಯೂ ನನ್ನವೇ," ಎಂದು ಹೇಳಿಯೇಬಿಟ್ಟೆ. ಬಾಯಿ ತೆರೆದ ಮೇಲೆ ನಿಲ್ಲಲಿಲ್ಲ. ಸೀಗೆಪುಡಿಯನ್ನೂ ಮತ್ತೊಮ್ಮೆ ಒಪ್ಪಿಕೊಂಡೆ. ಈ ಗಿಡ ಅಂಚಿನಿಂದ ಹೇಗೆ ಹಬ್ಬಿದೆ ಎಂದು ಗಂಗವ್ವ ಹೇಳಿದ್ದನ್ನೆಲ್ಲ ಅವಳ ಹೆಸರು ಹಿಡಿದೇ ಹೇಳಿದೆ.

ದೊಡ್ಡ ಸಾಹೇಬ ಅಂಚಿಗೆ ಕೂತು ನೋಡಿದ, ಉಗುರಿನಿಂದ ಕೆರೆದು ನೋಡಿದ. ಆಮೇಲೆ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಟೊಪ್ಪಿಗೆ ಬೀಳುವ ಹಾಗೆ ನಕ್ಕ. ನಮ್ಮ ಸಾಹೇಬನ ಮೂಗು ಎಂದಿಗಿಂತ ಕೆಂಪಾಯಿತು. ಅದೇ ಕಲ್ಲಿನ ಮೇಲೆ ಕಾಗದ ಇಟ್ಟು ಹುಕುಂ ರದ್ದು ಮಾಡಿ ಬರೆದುಕೊಟ್ಟರು. ನನ್ನ ನೌಕರಿ ಹೋಗಲಿಲ್ಲ, ಶಿಕ್ಷೆ ಆಯಿತು. ಒಂದು ವರ್ಷ ಸವದತ್ತಿ-ರಾಮದುರ್ಗ ದಾರಿಯ ಮೈಲಿಗಲ್ಲಿಗೆ ಅಂಕಿ ಬರೆಯಬೇಕು. ಅಂಕಿಗೆ ಎಲೆ ಹಚ್ಚಲು ಬರುವುದಿಲ್ಲ ಎಂದು ನಮ್ಮ ಸಾಹೇಬ ಹಲ್ಲು ಕಡಿದು ಹೇಳಿದ. ನಿಜ ಹೇಳಬೇಕೆಂದರೆ ಎಂಟಕ್ಕೆ ಒಂದು ಬಳ್ಳಿ ಹಬ್ಬಿಸಲು ಜಾಗ ಇದೆ. ನಾನು ಹಬ್ಬಿಸಲಿಲ್ಲ.

ಆ ಮೈಲಿಗಲ್ಲು ಎಬ್ಬಿಸಿದ್ದು ಗಂಗವ್ವನ ಖಣಿಯಲ್ಲೇ. ಕಲ್ಲು ಆರಿಸಲು ಹೋದಾಗ ಬಿಟ್ಟುಹೋಗಿದ್ದ ಮೂವರೂ ಆಳು ತಿರುಗಿ ಬಂದಿದ್ದರು, ಉಳಿಯ ಸದ್ದು ದೂರದಿಂದಲೇ ಕೇಳುತ್ತಿತ್ತು. ಗಂಗವ್ವ ಚಹಾ ಕೊಟ್ಟಳು. ಆಮೇಲೆ ತಲೆ ಬಾಚಿಕೊಂಡು, ಇಳಕಲ್ಲ ಸೀರೆ ಉಟ್ಟುಕೊಂಡು ಬಂದು ಆ ಗಿಡದ ಕಲ್ಲಿನ ಮೇಲೆ ಕೂತಳು.

"ಮಾಸ್ತರ, ನಂದೊಂದು ಚಿತ್ರ ಬರೀರಿ. ನನ್ನ ಚಿತ್ರ ಯಾರೂ ಬರೆದಿಲ್ಲ." ಮತ್ತೆ "ರಿ" ಬಂದಿತ್ತು.

ನಾನು ಮನಸ್ಸಿಟ್ಟು ಬರೆದೆ. ಡಾಕ್ಟರರ ರೂಲಕಟ್ಟಿಗೆ ಗೆಣ್ಣಿನ ಮೇಲೆ ಇದೆ ಎಂದೇ ತಿಳಿದು ಬರೆದೆ. ನಡುವೆ ಆಳೊಬ್ಬ ಏನೋ ಅಂದ, ಅವಳು ಸೆರಗು ಮರೆತು ನಕ್ಕಳು. ಕಂಡದ್ದನ್ನು ಕಂಡ ಹಾಗೆ ಬರೆದೆ. ಮುಂಗೈ, ಹಣೆಯ ಗೆರೆ, ನಗು. ಮುಂದಿನ ಹಲ್ಲಿನ ಜಾಗದಲ್ಲಿ ಸಂದು. ನನ್ನ ಕೈಯಿಂದ ಅಲ್ಲಿಯವರೆಗೆ ಅಷ್ಟು ಖರೆ ಚಿತ್ರ ಬಂದಿರಲಿಲ್ಲ.

ಅವಳು ಹಾಳೆ ಹಿಡಿದು ನೋಡಿದಳು. ಮುಖ ಗಂಟು ಹಾಕಿತು.

"ಅಲ್ಲೋ ಭಾಡ್ಯಾ! ಕಲ್ಲಿಗೆ ಇಲ್ಲದ ಎಲಿ ಸಾವಿರ ಹಚ್ಚಿದಿ, ನನಗ ಒಂದ ಹಲ್ಲು ಹಚ್ಚಾಕ ನಿನ್ನ ಕೈ ಸೇದಿತ್ತೇನು?"

ನಾನು ಹಾಳೆ ತಿರುಗಿ ಇಸಿದುಕೊಂಡೆ. ಪೆನ್ಸಿಲ್ ಚೂಪು ಮಾಡಿದೆ. ಒಂದು ಹಲ್ಲು ಹಚ್ಚಿದೆ, ಚೆಂದಾಗಿ, ಪಕ್ಕದ ಹಲ್ಲಿಗೆ ಸಮನಾಗಿ, ನಮ್ಮ ಅವ್ವ ಮೆಚ್ಚುವ ಹಾಗೆ. ಗಂಗವ್ವ ಹಾಳೆಯನ್ನು ಎದೆಗೆ ಅವಚಿಕೊಂಡು ಮನೆಗೆ ಹೋದಳು. ಉಳಿದ ನೌಕರಿಯುದ್ದಕ್ಕೂ ಕಾಣದ್ದನ್ನು ನಾನು ಬರೆದದ್ದು ಅದೊಂದೇ ಸಲ. ಅದಕ್ಕೆ ಯಾವ ಸಾಹೇಬನ ಮುಂದೆಯೂ ತಪ್ಪು ಒಪ್ಪಿಕೊಂಡಿಲ್ಲ, ಈಗಲೂ ಒಪ್ಪುವುದಿಲ್ಲ.